ದುರ್ಗಿಗುಡಿಯ ಭಾನುವಾರದ ಕೋಚಿಂಗ್: ಬೆಂಚು ನೆನೆಯುತ್ತದೆ, ಸಂವಿಧಾನದ ಪಾಠ ಮಾತ್ರ ಗಟ್ಟಿ

ಶಿವಮೊಗ್ಗದ ದುರ್ಗಿಗುಡಿ ಕಡೆಯ ಒಂದು ಕೋಚಿಂಗ್ ಸೆಂಟರ್‌ಗೆ ಮೂರು ತಿಂಗಳು ಹೋಗಿ ಬಂದೆ. ಎಫ್‌ಡಿಎ, ಪಿಡಿಒ ಎಂಬ ಸರ್ಕಾರಿ ಹುದ್ದೆಗಳ ಪರೀಕ್ಷೆಗೆ. ಬೈಯುವುದೂ ಇದೆ, ಹಾಗಾಗಿ ಹೆಸರು ಬೇಡ.

ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಮಂಡಗದ್ದೆ, ಗಾಜನೂರು ದಾಟಿ ಬರುವಷ್ಟರಲ್ಲಿ ನಾವು ಅರ್ಧ ನೆನೆದಿರುತ್ತೇವೆ. ಇಲ್ಲಿ ಕೊಡೆ ಇಡಲು ಒಂದು ಬಕೆಟ್ಟೂ ಇಲ್ಲ. ಗಣಿತದವರದ್ದು ಬರೀ ಓಟ.

ಸಂವಿಧಾನದ ಮೇಷ್ಟ್ರದ್ದು ಬೇರೆಯೇ ಕಥೆ. ನಮ್ಮ ಬ್ಯಾಚಿನಲ್ಲಿ ಒಬ್ಬ ಲೀಡರ್ ಆಫೀಸಿನಲ್ಲಿ ಕಾಂಟ್ರಾಕ್ಟ್ ಮೇಲೆ ಇದ್ದಾನೆ. 'ಸಾರ್, ಇಲಾಖೆಗೆ ಹಾಕಿಸಿ ಪರ್ಮನೆಂಟ್ ಮಾಡಿಸ್ತೀವಿ ಅಂದಿದ್ದಾರೆ, ಆಗುತ್ತಾ?' ಎಂದ. ನಾವೆಲ್ಲ ನಕ್ಕೆವು. ಮೇಷ್ಟ್ರು ನಗಲಿಲ್ಲ, ಅವತ್ತಿನ ಪಾಠ ಬಿಟ್ಟು ಬೋರ್ಡಿನ ಮೇಲೆ 'ಉಮಾದೇವಿ ಕೇಸು, 2006' ಎಂದು ಬರೆದರು. ಕೇಸು ನಮ್ಮದೇ ರಾಜ್ಯದ್ದು, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ ಸುಪ್ರೀಂ ಕೋರ್ಟಿನ ಐವರ ಪೀಠದವರೆಗೆ ಹೋದದ್ದು. ಹಿಂಬಾಗಿಲಿನಿಂದ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದಿತು ಕೋರ್ಟು. ಮಂಜೂರಾದ ಹುದ್ದೆಯಲ್ಲಿ, ಅರ್ಹತೆಯಿದ್ದು, ಕೋರ್ಟಿನ ತಡೆಯಾಜ್ಞೆ ಹಿಡಿದುಕೊಳ್ಳದೆ 10 ವರ್ಷ ದುಡಿದವರಿಗೆ ಒಂದೇ ಒಂದು ಸಲದ ರಿಯಾಯಿತಿ. ಅಷ್ಟೇ.

ಆಮೇಲೆ ಅಮೆರಿಕಕ್ಕೆ ಹಾರಿದರು. 1881ರಲ್ಲಿ ಸರ್ಕಾರಿ ಕೆಲಸ ಸಿಗದವನೊಬ್ಬ ಅಧ್ಯಕ್ಷ ಗಾರ್ಫೀಲ್ಡ್‌ಗೇ ಗುಂಡು ಹೊಡೆದ, 1883ರಲ್ಲಿ ಪರೀಕ್ಷೆ ನಡೆಸಿ ಕೆಲಸ ಕೊಡುವ ಪೆಂಡಲ್‌ಟನ್ ಕಾಯ್ದೆ ಬಂತು. ಈಗಲೂ ಅಲ್ಲಿ ಸರ್ಕಾರ ಬದಲಾಗುವ ಹೊತ್ತಿಗೆ ಪಕ್ಷದ ಕಡೆಯವರು ಕಾಯಂ ಹುದ್ದೆಗೆ ನುಸುಳುವುದಕ್ಕೆ ಬಿಲ ತೋಡುವುದು ಎನ್ನುತ್ತಾರಂತೆ. ನಮ್ಮ ತೋಟದ ಹೆಗ್ಗಣ ನೆನಪಾಯಿತು, ಮೇಲೆ ಮಣ್ಣು ಕಾಣುವಷ್ಟರಲ್ಲಿ ಅದು ಬೇರಿನ ಹತ್ತಿರ ಇರುತ್ತದೆ ಅಲ್ವಾ! ಪಕ್ಷದ ಕಡೆಯವರನ್ನು ಹಾಗೆ ಕಾಯಂ ಹುದ್ದೆಗೆ ಬದಲಾಯಿಸಲು ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಸಿಬ್ಬಂದಿ ಕಚೇರಿಯ ಒಪ್ಪಿಗೆ ಮೊದಲೇ ಬೇಕು.

ಒಂದು ಕೊರತೆ. ನೋಟ್ಸ್ ಹಳೆಯದು. 2024ರ ಡಿಸೆಂಬರಿನ ಸುಪ್ರೀಂ ಕೋರ್ಟಿನ ಜಗ್ಗೋ ತೀರ್ಪು ಅದರಲ್ಲಿಲ್ಲ. ವರ್ಷಗಟ್ಟಲೆ ಕಸ ಗುಡಿಸಿದವರನ್ನು ಉಮಾದೇವಿ ಹೆಸರು ಹೇಳಿ ಮನೆಗೆ ಕಳಿಸಬೇಡಿ, ಕಾಯಂ ಮಾಡಿ ಎಂದ ತೀರ್ಪು ಅದು. ಅವರು ಬೇರೆ, ಶಿಫಾರಸು ಚೀಟಿ ಹಿಡಿದು ಬಂದವನು ಬೇರೆ. ಇದನ್ನು ಹೇಳದಿದ್ದರೆ ಪಾಠ ಅರ್ಧವೇ. ಕೇಳಿದ್ದಕ್ಕೆ ಮೇಷ್ಟ್ರು ಬೇಜಾರಾಗದೆ ಬರೆದುಕೊಂಡರು.

ಫೀಸ್ ಜಾಸ್ತಿಯೇ, ಎರಡು ಕಂತಿನಲ್ಲಿ ಕಟ್ಟಬಹುದು. ಜುಲೈನಲ್ಲಿ ಸೇರುವುದಾದರೆ ಕಿಟಕಿ ಪಕ್ಕ ಕೂರಬೇಡಿ.