ಅರೆನಿದ್ದೆಯಲ್ಲಿದ್ದ ವಿಂಡೋಸ್, ಉಬುಂಟುವಿನಿಂದ ತೆರೆದ ಡಿ ಡ್ರೈವ್: ನಾನು ಕಳೆದುಕೊಂಡ ಧ್ವನಿಮುದ್ರಣಗಳು

ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡು, ಎರಡರಿಂದಲೂ ಒಂದೇ ಡ್ರೈವ್‌ನ ಕಡತಗಳನ್ನು ತೆರೆಯುವ ಅಭ್ಯಾಸವಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಕಳೆದ ಬೇಸಿಗೆಯಲ್ಲಿ, ಕಲಬುರಗಿಯ ನನ್ನ ಬಾಡಿಗೆ ಕೋಣೆಯಲ್ಲಿ ಕುಳಿತು, ಟರ್ಮಿನಲ್‌ನಲ್ಲಿ (ಲಿನಕ್ಸಿಗೆ ಆಜ್ಞೆಗಳನ್ನು ಬರೆದು ಕೊಡುವ ಕಿಟಕಿಯಲ್ಲಿ) ಬೆರಳಚ್ಚಿಸಿದ ಒಂದೇ ಸಾಲಿನಿಂದ ನಾನು ಎರಡು ವಾರಗಳ ಕ್ಷೇತ್ರಕಾರ್ಯವನ್ನು ಹಾಳುಮಾಡಿಕೊಂಡೆ. ಡಿಸ್ಕ್ ಕೆಟ್ಟಿರಲಿಲ್ಲ, ವೈರಸ್ ಬಂದಿರಲಿಲ್ಲ, ಕರೆಂಟೂ ಹೋಗಿರಲಿಲ್ಲ. ಯಂತ್ರವು ಬೇಡವೆಂದು ಸ್ಪಷ್ಟವಾಗಿ ಹೇಳಿದ್ದನ್ನು ನಾನು ಅಡ್ಡಿ ಎಂದು ಭಾವಿಸಿ ದಾಟಿದೆ, ಅಷ್ಟೆ.

ನನ್ನ ಅಧ್ಯಯನ ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ತತ್ವಪದ ಹಾಡುಗಾರರನ್ನು ಕುರಿತದ್ದು. ಹಾಡುಗಳನ್ನು ಕತ್ತರಿಸಿ ಗದ್ದಲ ತೆಗೆಯುವ ಕೆಲಸವನ್ನು ಉಬುಂಟು ಎಂಬ ಲಿನಕ್ಸ್‌ನಲ್ಲಿ, ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಿಂದ ಮಾಡುತ್ತೇನೆ. ಆದರೆ ಪ್ರಬಂಧದ ಹಳೆಯ ಅಧ್ಯಾಯಗಳೆಲ್ಲ ‘ನುಡಿ’ ಎಂಬ ಕನ್ನಡ ಬೆರಳಚ್ಚಿನ ತಂತ್ರಾಂಶದಲ್ಲಿ ಇರುವುದರಿಂದ ವಿಂಡೋಸನ್ನು ಬಿಡುವಂತಿಲ್ಲ. ಹೀಗಾಗಿ ಸಿ ಡ್ರೈವ್ ವಿಂಡೋಸಿಗೆ, ಬೇರೆ ಒಂದು ವಿಭಾಗ ಉಬುಂಟುವಿಗೆ, ನಡುವೆ ಎನ್‌ಟಿಎಫ್‌ಎಸ್ ಮಾದರಿಯ (ವಿಂಡೋಸ್ ಕಡತಗಳನ್ನು ಜೋಡಿಸಿಡುವ ಕ್ರಮದ) ಡಿ ಡ್ರೈವ್ ಇಬ್ಬರಿಗೂ ಎಂದು ಹಂಚಿಕೆ ಮಾಡಿಕೊಂಡಿದ್ದೆ. ಮೂರು ವರ್ಷ ಈ ಏರ್ಪಾಡು ಯಾವ ತಕರಾರೂ ಇಲ್ಲದೆ ನಡೆದಿತ್ತು. ತಕರಾರು ಇಲ್ಲದಿದ್ದದ್ದಕ್ಕೆ ಕಾರಣ, ಉಬುಂಟು ಹಾಕುವಾಗಲೇ ಹಿರಿಯ ಮಿತ್ರರೊಬ್ಬರು ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯವನ್ನು ಆಫ್ ಮಾಡಿ ಕೊಟ್ಟಿದ್ದದ್ದು. ಅದನ್ನು ಏಕೆ ಆಫ್ ಮಾಡಿದರೆಂದು ನಾನು ಕೇಳಿರಲಿಲ್ಲ. ಮಾರ್ಚ್‌ನಲ್ಲಿ ವಿಂಡೋಸ್ ನಿಧಾನವಾಯಿತೆಂದು ಅಂಗಡಿಯೊಂದಕ್ಕೆ ಕೊಟ್ಟು ಹೊಸದಾಗಿ ಹಾಕಿಸಿದಾಗ ಆ ಸೌಲಭ್ಯವು ತನ್ನಷ್ಟಕ್ಕೆ ಮತ್ತೆ ಚಾಲೂ ಆಗಿತ್ತು. ಹೊಸ ವಿಂಡೋಸಿನಲ್ಲಿ ಅದು ಮೊದಲಿನಿಂದಲೇ ಚಾಲೂ ಇರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಜೇವರ್ಗಿ, ಸುರಪುರ, ಚಿತ್ತಾಪುರ ತಾಲ್ಲೂಕುಗಳ ಹಳ್ಳಿಗಳನ್ನು ಸುತ್ತಿ, ಹಾಡುಗಾರರು ಹೊಲದ ಕೆಲಸ ಮುಗಿಸಿ ಏಕತಾರಿ ಹಿಡಿದು ಕುಳಿತುಕೊಳ್ಳುವ ಹೊತ್ತಿಗೆ ಕಾದು, 27 ಧ್ವನಿಮುದ್ರಣಗಳನ್ನು ಮಾಡಿಕೊಂಡು ಬಂದಿದ್ದೆ. ಒಟ್ಟು 14 ಗಂಟೆ, ಸುಮಾರು 9 ಗಿಗಾಬೈಟ್. ಮರುದಿನ ಬೆಳಿಗ್ಗೆ ಶಹಾಪುರಕ್ಕೆ ಹೋಗಬೇಕಿತ್ತು, ರೆಕಾರ್ಡರಿನ ಕಾರ್ಡ್ ತುಂಬುತ್ತ ಬಂದಿತ್ತು. ವಿಂಡೋಸಿನಲ್ಲಿ ಏನೋ ಬೆರಳಚ್ಚು ಮುಗಿಸಿ ಶಟ್‌ಡೌನ್ ಮಾಡಿ, ಉಬುಂಟು ತೆರೆದು, ಕಾರ್ಡ್‌ನಲ್ಲಿದ್ದುದನ್ನು ಡಿ ಡ್ರೈವ್‌ಗೆ ಸಾಗಿಸಲು ಹೋದೆ. ಆಗದು ಎಂದಿತು: ಈ ಡ್ರೈವ್ ಓದಲು ಮಾತ್ರ. ಟರ್ಮಿನಲ್‌ನಲ್ಲಿ ಮೌಂಟ್ ಮಾಡಿ, ಅಂದರೆ ಡ್ರೈವನ್ನು ಬಳಕೆಗೆ ತೆರೆಯಲು ಆಜ್ಞೆ ಕೊಟ್ಟು ನೋಡಿದರೆ ಕಾರಣವೂ ಸಿಕ್ಕಿತು. ಡ್ರೈವ್‌ನ ಮಾಹಿತಿ ವಿಂಡೋಸಿನ ಕ್ಯಾಶ್‌ನಲ್ಲಿ (ತಾತ್ಕಾಲಿಕ ನೆನಪಿನಲ್ಲಿ) ಉಳಿದಿದೆ, ವಿಭಾಗವು ಸುರಕ್ಷಿತ ಸ್ಥಿತಿಯಲ್ಲಿಲ್ಲ, ವಿಂಡೋಸನ್ನು ತೆರೆದು ಪೂರ್ತಿಯಾಗಿ ಮುಚ್ಚಿ ಬನ್ನಿ ಎಂಬ ಅರ್ಥದ ಸಂದೇಶ ಅದು. ಇದಕ್ಕಿಂತ ಬಿಡಿಸಿ ಯಾವ ಸಾಫ್ಟ್‌ವೇರ್ ತಾನೇ ಹೇಳೀತು? ಆದರೆ ನಾನು ಆಗಷ್ಟೇ ಶಟ್‌ಡೌನ್ ಮಾಡಿ ಬಂದಿದ್ದರಿಂದ ಈ ಸಂದೇಶವೇ ತಪ್ಪು ಎಂದುಕೊಂಡೆ. ಹಿಂದೆ ಯಾರೋ ಹೇಳಿದ್ದ ‘ಎನ್‌ಟಿಎಫ್‌ಎಸ್‌ಫಿಕ್ಸ್’ ಎಂಬ ಆಜ್ಞೆ ನೆನಪಾಗಿ ಅದನ್ನು ಡಿ ಡ್ರೈವ್‌ನ ಮೇಲೆ ಓಡಿಸಿದೆ. ಕ್ಷಣಮಾತ್ರದಲ್ಲಿ ಎಲ್ಲ ಸರಿಯಾಯಿತೆಂದು ಅದು ವರದಿ ಕೊಟ್ಟಿತು, ಡ್ರೈವ್ ಬರೆಯಲು ತೆರೆದುಕೊಂಡಿತು, 27 ಕಡತಗಳೂ ಹೋಗಿ ಕುಳಿತವು. ಎರಡು ಮೂರನ್ನು ತೆರೆದು ಕೇಳಿಯೂ ನೋಡಿದೆ. ಬಳಿಕ ರೆಕಾರ್ಡರಿನಲ್ಲಿ ಕಾರ್ಡ್ ಫಾರ್ಮ್ಯಾಟ್ ಮಾಡಿ ಮಲಗಿದೆ.

ಶಹಾಪುರದಿಂದ ಮರಳಿದ ರಾತ್ರಿ ವಿಂಡೋಸ್ ತೆರೆದಾಗ ಡಿ ಡ್ರೈವ್‌ನಲ್ಲಿ ಆ ಫೋಲ್ಡರ್ ಇರಲೇ ಇಲ್ಲ. ಗಾಬರಿಯಾಗಬೇಕಿತ್ತು, ಆಗಲಿಲ್ಲ, ಉಬುಂಟುವಿನಲ್ಲಿ ಇಟ್ಟದ್ದು ಇಲ್ಲಿ ತಡವಾಗಿ ಕಾಣಬಹುದು ಎಂಬ ಪೆದ್ದ ಸಮಾಧಾನ ಹೇಳಿಕೊಂಡು, ಪೆನ್‌ಡ್ರೈವ್‌ನಲ್ಲಿದ್ದ ಎರಡು ಗಿಗಾಬೈಟ್‌ನಷ್ಟು ಸ್ಕ್ಯಾನ್ ಪ್ರತಿಗಳನ್ನು ಅದೇ ಡ್ರೈವ್‌ಗೆ ಹಾಕಿದೆ. ಮರುದಿನ ರೀಸ್ಟಾರ್ಟ್ ಮಾಡಿದಾಗ ಕಪ್ಪು ಪರದೆಯ ಮೇಲೆ ಡಿಸ್ಕ್ ತಪಾಸಣೆ ತಾನಾಗಿ ಶುರುವಾಗಿ ಬಹಳ ಹೊತ್ತು ನಡೆಯಿತು. ಮುಗಿದ ಮೇಲೆ ಡಿ ಡ್ರೈವ್‌ನಲ್ಲಿ ‘ಫೌಂಡ್.000’ ಎಂಬ ಅಡಗಿಸಿಟ್ಟ ಫೋಲ್ಡರೂ, ಅದರೊಳಗೆ ಹೆಸರು ಕುಲವಿಲ್ಲದ, ‘ಸಿಎಚ್‌ಕೆ’ ಎಂದು ಕೊನೆಗೊಳ್ಳುವ ತುಣುಕುಗಳೂ ಇದ್ದವು. ಹಾಡುಗಳ ಫೋಲ್ಡರ್ ಆಗಲೂ ಇರಲಿಲ್ಲ.

ನಡೆದದ್ದೇನೆಂದು ಆಮೇಲೆ ಕುಳಿತು ಓದಿ ತಿಳಿದುಕೊಂಡೆ. ವಿಂಡೋಸ್ 8 ಬಂದ 2012ರಿಂದ, ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದಾಗ ನಾವು ಶಟ್‌ಡೌನ್ ಒತ್ತಿದರೆ ವಿಂಡೋಸ್ ನಿಜವಾಗಿ ಮುಚ್ಚಿಕೊಳ್ಳುವುದಿಲ್ಲ. ಬಳಕೆದಾರರ ಕೆಲಸಗಳನ್ನು ಮಾತ್ರ ಮುಚ್ಚಿ, ತನ್ನ ಒಳಗಿನ ತಿರುಳಾದ ಕರ್ನಲ್‌ನ ಸ್ಥಿತಿಯನ್ನು ಸಿ ಡ್ರೈವ್‌ನ ‘ಹೈಬರ್‌ಫಿಲ್.ಸಿಸ್’ ಎಂಬ ಕಡತದಲ್ಲಿ ಬರೆದಿಟ್ಟು ಮಲಗುತ್ತದೆ. ಮುಂದಿನ ಬಾರಿ ಆ ಕಡತವನ್ನು ಓದಿಕೊಂಡು ಎದ್ದರಾಯಿತು, ಎಲ್ಲವನ್ನೂ ಹೊಸದಾಗಿ ಶುರುಮಾಡುವ ಹೊತ್ತು ಉಳಿಯುತ್ತದೆ. ಆ ಸ್ಥಿತಿಯಲ್ಲಿ ಸಿ ಡ್ರೈವ್ ಮಾತ್ರವಲ್ಲ, ಡಿ ಡ್ರೈವ್‌ನಲ್ಲಿ ಯಾವ ಕಡತ ಎಲ್ಲಿದೆ, ಯಾವ ಜಾಗ ಖಾಲಿ ಇದೆ ಎಂಬ ಲೆಕ್ಕವೂ ಸೇರಿರುತ್ತದೆ. ಅದು ಮಲಗಿದ್ದಾಗ ಉಬುಂಟು ಹೋಗಿ ಡಿ ಡ್ರೈವ್‌ನಲ್ಲಿ ಹೊಸ ಕಡತ ಬರೆದರೆ, ಎದ್ದ ವಿಂಡೋಸಿಗೆ ಅದರ ಸುಳಿವೇ ಇರುವುದಿಲ್ಲ. ಅದು ತನ್ನ ಹಳೆಯ ಲೆಕ್ಕವನ್ನೇ ನಂಬಿ ಹೊಸ ಲೆಕ್ಕದ ಮೇಲೆ ಬರೆಯುತ್ತದೆ. ನನ್ನ ಹಾಡುಗಳಿದ್ದ ಜಾಗ ಅದರ ಪಾಲಿಗೆ ಖಾಲಿ ಜಾಗವಾಗಿತ್ತು. ಅಲ್ಲಿಗೇ ಸ್ಕ್ಯಾನ್ ಪ್ರತಿಗಳನ್ನು ತುಂಬಿದವನು ನಾನೇ. ಇದರಲ್ಲಿ ತಲೆಕೆಳಗಾದ ಸಂಗತಿಯೊಂದಿದೆ: ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಮಾಡಿದಾಗಲೇ ವಿಂಡೋಸ್ ಪೂರ್ತಿಯಾಗಿ ಮುಚ್ಚಿ ತೆರೆಯುತ್ತದೆ. ಆ ರಾತ್ರಿ ನಾನು ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತಿ, ಆಯ್ಕೆಯ ಪಟ್ಟಿ ಬಂದಾಗ ಉಬುಂಟು ಆರಿಸಿದ್ದರೆ ಏನೂ ಆಗುತ್ತಿರಲಿಲ್ಲ.

ಎನ್‌ಟಿಎಫ್‌ಎಸ್‌ಫಿಕ್ಸ್ ಬಗ್ಗೆಯೂ ಹೇಳಬೇಕು, ಏಕೆಂದರೆ ಇದನ್ನು ಔಷಧಿಯಂತೆ ಸೂಚಿಸುವವರು ನಮ್ಮಲ್ಲಿ ಬಹಳ. ಅದು ವಿಂಡೋಸಿನ ಡಿಸ್ಕ್ ತಪಾಸಣೆಗೆ ಸಮಾನವಲ್ಲವೆಂದು ಅದರ ಕೈಪಿಡಿಯೇ ಒತ್ತಿ ಹೇಳುತ್ತದೆ. ಕೆಲವು ಮೂಲಭೂತ ದೋಷಗಳನ್ನು ಸರಿಪಡಿಸಿ, ಡ್ರೈವ್‌ನ ಜರ್ನಲ್ (ಬದಲಾವಣೆಗಳ ದಾಖಲೆ) ಅಳಿಸಿ, ವಿಂಡೋಸಿನಲ್ಲಿ ತಪಾಸಣೆ ನಡೆಯಲಿ ಎಂದು ಗುರುತು ಹಾಕುವುದಷ್ಟೇ ಅದರ ಕೆಲಸ. ಎಚ್ಚರಿಕೆಯ ಫಲಕ ಕಿತ್ತೆಸೆದರೆ ಮುಂದಿನ ಗುಂಡಿ ಮುಚ್ಚುವುದಿಲ್ಲವಷ್ಟೆ. ಲಿನಕ್ಸಿನಲ್ಲಿ ಎನ್‌ಟಿಎಫ್‌ಎಸ್ ಡ್ರೈವ್‌ಗಳನ್ನು ತೆರೆಯುವ ಹಳೆಯ ಎನ್‌ಟಿಎಫ್‌ಎಸ್-3ಜಿ ಚಾಲಕದಲ್ಲಿರುವ (ಡ್ರೈವರ್) ‘ರಿಮೂವ್ ಹೈಬರ್‌ಫೈಲ್’ ಆಯ್ಕೆಯೂ, 2021ರಲ್ಲಿ ಲಿನಕ್ಸ್ 5.15ರೊಂದಿಗೆ ಕರ್ನಲ್‌ಗೇ ಸೇರಿದ ಎನ್‌ಟಿಎಫ್‌ಎಸ್3 ಚಾಲಕದ ‘ಫೋರ್ಸ್’ ಆಯ್ಕೆಯೂ ಇದೇ ಜಾತಿಯವು. ಮೊದಲನೆಯದು ವಿಂಡೋಸ್ ಬರೆದಿಟ್ಟ ಸ್ಥಿತಿಯನ್ನೇ ಅಳಿಸುತ್ತದೆ, ಎರಡನೆಯದು ಗುರುತು ಹಾಕಿದ ಡ್ರೈವ್ ಅನ್ನು ಬಲವಂತವಾಗಿ ತೆರೆಯುತ್ತದೆ. ವಿಂಡೋಸ್ ತೆರೆಯುವ ಸ್ಥಿತಿಯಲ್ಲಿದ್ದರೆ ಇವುಗಳಲ್ಲಿ ಯಾವುದನ್ನೂ ಮುಟ್ಟುವ ಅಗತ್ಯವಿಲ್ಲ.

ಕಳೆದದ್ದನ್ನು ಹುಡುಕುವ ಕೆಲಸ ಒಂದು ವಾರ ಹಿಡಿಯಿತು. ಡಿಸ್ಕ್ ತಪಾಸಣೆ ಡ್ರೈವ್‌ನ ಲೆಕ್ಕವನ್ನು ಒಪ್ಪವಾಗಿಸುತ್ತದೆಯೇ ಹೊರತು ನಮ್ಮ ಕಡತಗಳನ್ನು ಕಾಪಾಡಲು ಬದ್ಧವಲ್ಲ ಎಂಬುದು ಗೊತ್ತಿದ್ದಿದ್ದರೆ, ಅದು ನಡೆಯುವ ಮೊದಲೇ ಇಡೀ ಡ್ರೈವ್‌ನ ಪ್ರತಿಯನ್ನು ಬೇರೆ ಡಿಸ್ಕ್‌ಗೆ ತೆಗೆದಿಡುತ್ತಿದ್ದೆ. ತಡವಾಗಿಯಾದರೂ ಹಾಗೆಯೇ ಮಾಡಿ, ಆ ಪ್ರತಿಯ ಮೇಲೂ ರೆಕಾರ್ಡರಿನ ಕಾರ್ಡ್‌ನ ಮೇಲೂ ಫೋಟೋರೆಕ್ ಎಂಬ, ಅಳಿದ ಕಡತಗಳನ್ನು ಹುಡುಕಿ ತೆಗೆಯುವ ತಂತ್ರಾಂಶವನ್ನು ಓಡಿಸಿದೆ. ರೆಕಾರ್ಡರಿನ ಫಾರ್ಮ್ಯಾಟ್ ಕಡತಗಳ ಪಟ್ಟಿಯನ್ನು ಮಾತ್ರ ಅಳಿಸಿತ್ತು, ಧ್ವನಿಯನ್ನಲ್ಲ. ಆದರೆ ಶಹಾಪುರದ ಹೊಸ ಮುದ್ರಣ ಕಾರ್ಡ್‌ನ ಆರಂಭದ ಭಾಗದ ಮೇಲೆಯೇ ಕುಳಿತಿದ್ದರಿಂದ, ಮೊದಲು ಮಾಡಿದ್ದ ಜೇವರ್ಗಿಯ ಆರು ಮುದ್ರಣಗಳು ಅಲ್ಲಿ ಉಳಿದಿರಲಿಲ್ಲ. ಉಳಿದ 21 ಸಿಕ್ಕವು. ಡಿ ಡ್ರೈವ್‌ನ ಪ್ರತಿಯಲ್ಲಿ ಆ ಆರರ ಪೈಕಿ ಎರಡು ಮಾತ್ರ ಪೂರ್ತಿ ಇದ್ದವು. ಚೂರುಚೂರಾಗಿ ಬೇರೆಬೇರೆ ಕಡೆ ಬರೆದ ದೊಡ್ಡ ಕಡತಗಳನ್ನು ಫೋಟೋರೆಕ್ ಜೋಡಿಸಲಾರದು.

ಈ ನಡುವೆ ಇನ್ನೊಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ಸಹಾಯ ಸಿಗಬಹುದೆಂದು ಲ್ಯಾಪ್‌ಟಾಪ್ ಅನ್ನು ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದಕ್ಕೆ ಒಯ್ದಿದ್ದೆ. ಅಲ್ಲಿನ ಹುಡುಗ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಅಕ್ಷರವಿಲ್ಲದ ವಿಭಾಗವೊಂದಿದೆಯಲ್ಲ ಎಂದು ಅದಕ್ಕೆ ‘ಇ’ ಎಂಬ ಅಕ್ಷರ ಕೊಟ್ಟ. ಒಡನೆಯೇ ಪರದೆಯ ಮೇಲೆ ಪೆಟ್ಟಿಗೆ ಬಂತು. “ಸರ್ರ, ಇ ಡ್ರೈವ್ ಫಾರ್ಮ್ಯಾಟ್ ಮಾಡಂತ ಕೇಳ್ಲಾಕತ್ತದ, ಮಾಡ್ಲೇನ್ರಿ?” ಎಂದು ಆತ ಕೇಳಿದ್ದೇ ನನ್ನ ಪುಣ್ಯ. ಅದು ಉಬುಂಟು ಇದ್ದ ಎಕ್ಸ್‌ಟಿ4 ವಿಭಾಗ. ವಿಂಡೋಸಿಗೆ ಆ ಮಾದರಿ ತಾನಾಗಿ ಓದಲು ಬಾರದು. ತನಗೆ ಓದಲಾಗದ್ದನ್ನು ಅದು ಖಾಲಿ ಡಿಸ್ಕ್ ಎಂಬಂತೆ ಪರಿಗಣಿಸಿ ಫಾರ್ಮ್ಯಾಟ್ ಮಾಡಲು ಅನುಮತಿ ಕೇಳುತ್ತದೆ. ಅಂಗಡಿಗೆ ಯಂತ್ರ ಕೊಡುವವರು ಒಳಗೆ ಲಿನಕ್ಸ್ ಇದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಚೀಟಿ ಬರೆದು ಲ್ಯಾಪ್‌ಟಾಪ್‌ನ ಮೇಲೆಯೇ ಅಂಟಿಸಬೇಕು.

ಈಗ ನನ್ನ ಯಂತ್ರದಲ್ಲಿ ಮಾಡಿಕೊಂಡಿರುವುದು ಇಷ್ಟು. ವಿಂಡೋಸಿನಲ್ಲಿ ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಪವರ್‌ಸಿಎಫ್‌ಜಿ /ಎಚ್ ಆಫ್’ ಎಂಬ ಆಜ್ಞೆ ಕೊಟ್ಟಿದ್ದೇನೆ. ಇದರಿಂದ ಹೈಬರ್ನೇಟ್ ಸೌಲಭ್ಯವೂ ಅದರ ಜೊತೆಗೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ. ಹೈಬರ್ನೇಟ್ ಬೇಕೆನ್ನುವವರು ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್ ಒಳಗೆ, ಪವರ್ ಬಟನ್ ಏನು ಮಾಡಬೇಕೆಂದು ಆರಿಸುವ ಪುಟದಲ್ಲಿ, ಫಾಸ್ಟ್ ಸ್ಟಾರ್ಟಪ್‌ನ ಗುರುತನ್ನು ಮಾತ್ರ ತೆಗೆಯಬಹುದು. ಆದರೆ ಹೈಬರ್ನೇಟ್ ಮಾಡಿದ ಮೇಲೆ ಉಬುಂಟುವಿನಿಂದ ಬರೆದರೆ ಅಪಾಯ ಅದೇ. ವಿಂಡೋಸನ್ನು ಮತ್ತೆ ಹಾಕಿಸಿದಾಗಲೆಲ್ಲ ಇದನ್ನು ಮತ್ತೆ ನೋಡಬೇಕು. ಉಬುಂಟುವಿನಲ್ಲಿ ಡಿ ಡ್ರೈವ್ ಓದಲು ಮಾತ್ರ ತೆರೆಯುವಂತೆ ಬರೆದಿಟ್ಟಿದ್ದೇನೆ. ಹೊಸ ಧ್ವನಿಮುದ್ರಣಗಳು ಮೊದಲು ಉಬುಂಟುವಿನದೇ ವಿಭಾಗಕ್ಕೆ ಮತ್ತು ಹೊರಗಿನ ಡಿಸ್ಕ್‌ಗೆ ಹೋಗುತ್ತವೆ, ಎರಡೂ ಕಡೆ ಕೇಳಿ ನೋಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಆಗುವುದಿಲ್ಲ.

ಫೋಟೋರೆಕ್ ಕಡತಗಳ ಹೆಸರನ್ನು ಮರಳಿಸುವುದಿಲ್ಲ, ಡಿಸ್ಕ್‌ನಲ್ಲಿ ಅವು ಸಿಕ್ಕ ಜಾಗದ ಸಂಖ್ಯೆಯನ್ನೇ ಹೆಸರಾಗಿ ಕೊಡುತ್ತದೆ. ಇದರಿಂದ ಕಾರ್ಡ್‌ನ 21 ಕಡತಗಳು ಮುದ್ರಿಸಿದ ಕ್ರಮದಲ್ಲಿಯೇ ಬಂದವು, ಟಿಪ್ಪಣಿ ಪುಸ್ತಕದೊಡನೆ ಹೋಲಿಸಿ ಯಾರ ಹಾಡು ಯಾವುದೆಂದು ಗುರುತಿಸಲು ಆಯಿತು. ಡಿ ಡ್ರೈವ್‌ನ ಎರಡನ್ನು ಫೋನಿನಲ್ಲಿ ಕೇಳಿಸಿ, ಜೇವರ್ಗಿ ಕಡೆಯ ಮೇಳದ ಹಿರಿಯರಿಂದಲೇ ಕೇಳಿ ತಿಳಿದುಕೊಂಡೆ. ಸಿಗದ ನಾಲ್ಕರಲ್ಲಿ ಮೂರನ್ನು ಅವರು ಮತ್ತೆ ಕೂತು ಹಾಡಿಕೊಟ್ಟರು. ನಾಲ್ಕನೆಯದನ್ನು ಹಾಡಿದವರು ಮಗನೊಂದಿಗೆ ದುಡಿಯಲು ಮುಂಬೈಗೆ ಹೋಗಿದ್ದಾರೆ, ಜಾತ್ರೆಗೆ ಊರಿಗೆ ಬಂದಾಗ ಹೇಳಿ ಕಳಿಸುವುದಾಗಿ ಮನೆಯವರು ಹೇಳಿದ್ದಾರೆ.