ಮಕ್ಕಳೊಂದಿಗೆ ಚಿಂಚೋಳಿ ಅಭಯಾರಣ್ಯದಲ್ಲಿ ಒಂದು ದಿನ

ಬಿಸಿಲು ನಾಡೆಂದೇ ಹೆಸರಾದ ಕಲಬುರಗಿ ಜಿಲ್ಲೆಯಲ್ಲಿ ಇಷ್ಟು ದಟ್ಟವಾದ ಹಸಿರು ಇರಬಹುದೆಂದು ನಮ್ಮ ಮಕ್ಕಳು ನಂಬಿರಲಿಲ್ಲ. 2011ರಲ್ಲಿ ವನ್ಯಜೀವಿ ಅಭಯಾರಣ್ಯವೆಂದು ಘೋಷಿತವಾದ ಚಿಂಚೋಳಿಯ ಈ ಕಾಡು ಸುಮಾರು 134 ಚದರ ಕಿಲೋಮೀಟರ್ ವಿಸ್ತಾರವಾಗಿದ್ದು, ಬೇಸಿಗೆಯಲ್ಲಿ ಎಲೆ ಉದುರಿಸಿ ಮಳೆಗಾಲದಲ್ಲಿ ಮತ್ತೆ ಚಿಗುರುವ ಉಷ್ಣವಲಯದ ಒಣ ಎಲೆಯುದುರುವ ಕಾಡಾಗಿದೆ. ಆದ್ದರಿಂದ ಮಕ್ಕಳನ್ನು ಕರೆದೊಯ್ಯುವವರು ಆಗಸ್ಟ್‌ನಿಂದ ಡಿಸೆಂಬರ್ ನಡುವೆ ಹೋಗುವುದು ಲೇಸು.

ನಮಗೆ ಅತ್ಯಂತ ಹಿಡಿಸಿದ್ದು ಚಂದ್ರಂಪಳ್ಳಿ ಜಲಾಶಯದ ದಂಡೆ. ಸುತ್ತಲಿನ ಗುಡ್ಡಗಳ ನೆರಳು ನೀರಿನಲ್ಲಿ ಬಿದ್ದಿತ್ತು. ಎಂಟು ವರ್ಷದ ಮಗಳು ಎಳೆಯ ಸಾಗವಾನಿ ಎಲೆಯೊಂದನ್ನು ಅಂಗೈಯಲ್ಲಿ ಉಜ್ಜಿ, ಕೈ ಕೆಂಪಾದುದನ್ನು ಕಂಡು, "ಅಪ್ಪಾ, ಇದು ಮೆಹಂದಿ ಗಿಡ ಏನ್ರಿ?" ಎಂದು ಕೇಳಿದಳು, ಆ ಕೆಂಪು ಸಂಜೆಯವರೆಗೂ ಉಳಿದಿತ್ತು. ಎತ್ತಿಪೋತ ಜಲಪಾತ ಮಳೆಯ ನಂತರ ಸೊಗಸಾಗಿ ಧುಮುಕುತ್ತದೆ, ಆದರೆ ಬಂಡೆಗಳು ಜಾರುವುದರಿಂದ ಚಿಕ್ಕವರ ಕೈ ಬಿಡಬಾರದು.

ತೋಳ, ಕತ್ತೆಕಿರುಬಗಳು ಇಲ್ಲಿವೆಯಾದರೂ ಹಗಲಿನಲ್ಲಿ ಕಾಣುವುದು ಅಪರೂಪವೆಂದು ಮಕ್ಕಳಿಗೆ ಮೊದಲೇ ತಿಳಿಹೇಳಬೇಕು. ನಾವು ಗೊತ್ತುಮಾಡಿದ್ದ ಬಾಡಿಗೆ ವಾಹನ ಎರಡು ತಾಸು ತಡವಾಗಿ ಬಂದುದರಿಂದ, ಹಕ್ಕಿಗಳು ಚುರುಕಾಗಿರುವ ಬೆಳಗಿನ ಹೊತ್ತು ಕೈತಪ್ಪಿತು, ಅದು ನನಗೆ ಈಗಲೂ ಬೇಸರದ ಸಂಗತಿ. ಕಾಡಿನೊಳಗೆ ಅಂಗಡಿಗಳನ್ನು ನೆಚ್ಚಿಕೊಳ್ಳದೆ, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಮತ್ತು ಸಾಕಷ್ಟು ನೀರನ್ನು ಮನೆಯಿಂದಲೇ ಒಯ್ಯಿರಿ. ಖಾಲಿ ಬಾಟಲಿಗಳನ್ನು ಮರಳಿ ತನ್ನಿರಿ. ಮುಂದಿನ ಸಲ ನಾವು ಹಿಂದಿನ ಸಂಜೆಯೇ ಚಿಂಚೋಳಿ ತಲುಪಲಿದ್ದೇವೆ.