ಸಿಡಬ್ಲ್ಯುಜಿಸಿ ಹುಡುಕು ಸೇವೆ: ಯುದ್ಧದಿಂದ ಮರಳದ ಕೊಡಗಿನವರನ್ನು ಪತ್ತೆಹಚ್ಚಲು ಎಷ್ಟು ಉಪಯೋಗ?

ಎರಡನೇ ಮಹಾಯುದ್ಧಕ್ಕೆ ಹೋಗಿ ವಾಪಸು ಬಾರದವರ ಮನೆಗಳು ಕೊಡಗಿನಲ್ಲಿವೆ. ಐನ್‌ಮನೆಯ, ಅಂದರೆ ಕುಲದ ಮೂಲಮನೆಯ ಕೈಯಾಲೆಯಲ್ಲಿ (ಜಗಲಿಯಲ್ಲಿ) ಯೂನಿಫಾರಂ ತೊಟ್ಟ ಒಂದು ಫೋಟೊ ಇರುತ್ತದೆ. ಕಾರಣರಿಗೆ, ಅಂದರೆ ಕುಲದ ಗತಿಸಿದ ಹಿರಿಯರಿಗೆ ಎಡೆ ಇಡುವಾಗ ಹೆಸರೂ ಬರುತ್ತದೆ. ಆದರೆ ಎಲ್ಲಿ ತೀರಿಹೋದರು, ಯಾವ ದಿನ, ಯಾವ ರೆಜಿಮೆಂಟು ಎಂದು ಕೇಳಿದರೆ ಉತ್ತರ ಹೇಳುವವರು ಈಗ ಉಳಿದಿಲ್ಲ. ಇಂಥ ಮನೆಗಳಿಗೆ ಮೊದಲು ನೋಡಲು ಹೇಳಬೇಕಾದ ಜಾಗ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ, ಅಂದರೆ ಸಿಡಬ್ಲ್ಯುಜಿಸಿಯ ಜಾಲತಾಣದಲ್ಲಿರುವ ಹುಡುಕು ಸೇವೆ. ದುಡ್ಡು ಕೊಡಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ, ಮೊಬೈಲಿನಲ್ಲೂ ನಡೆಯುತ್ತದೆ. ಸೇವೆ ಒಳ್ಳೆಯದೇ. ಆದರೆ ನಮ್ಮ ಕಡೆಯವರು ಮನೆಯಲ್ಲಿ ಕರೆಯುವ ಹೆಸರನ್ನು ಹಾಗೇ ಟೈಪ್ ಮಾಡಿ, ಏನೂ ಸಿಗದೆ ಕೈಬಿಡುತ್ತಾರೆ. ತೊಂದರೆ ಬಹುಪಾಲು ಅಲ್ಲೇ ಇರುವುದು.

ಆಯೋಗ ಶುರುವಾದದ್ದು 1917ರಲ್ಲಿ, ಇಂಪೀರಿಯಲ್ ಎಂಬ ಹೆಸರಿನಲ್ಲಿ. 1960ರಲ್ಲಿ ಕಾಮನ್‌ವೆಲ್ತ್ ಆಯಿತು. ಎರಡೂ ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ದಾಖಲೆ ಅದರಲ್ಲಿದೆ. ಎರಡನೇ ಯುದ್ಧಕ್ಕೆ ಸಂಬಂಧಪಟ್ಟಂತೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದಾಗ ಸತ್ತವರೆಲ್ಲ ಸೇರುತ್ತಾರೆ. ಈ ಅವಧಿಯನ್ನು ನೆನಪಿಟ್ಟುಕೊಳ್ಳಬೇಕು. ಗುಂಡೇಟಿನಿಂದಲೇ ಸತ್ತಿರಬೇಕೆಂದಿಲ್ಲ. ಮಲೇರಿಯಾದಿಂದ, ಲಾರಿ ಮಗುಚಿ, ಆಸ್ಪತ್ರೆಯಲ್ಲಿ, ಯುದ್ಧ ಮುಗಿದ ಮರುವರ್ಷ ಸತ್ತಿದ್ದರೂ ಹೆಸರು ಇರಬಹುದು. "ಅವರು ಯುದ್ಧದಲ್ಲಿ ಸತ್ತದ್ದಲ್ಲ, ಜ್ವರದಲ್ಲಿ" ಎಂದುಕೊಂಡು ಹುಡುಕದೇ ಬಿಡಬೇಡಿ.

ಕಂಪ್ಯೂಟರ್ ಮುಂದೆ ಕೂರುವ ಮೊದಲು ಮನೆಯ ಪೆಟ್ಟಿಗೆ ತೆಗೆಯಿರಿ. ಆ ಯುದ್ಧದ ನಕ್ಷತ್ರಾಕಾರದ ಪದಕಗಳಿಗೆ ಆರು ಮೂಲೆ, ನಡುವೆ ಕಿರೀಟ ಮತ್ತು ದೊರೆಯ ಮೊಹರು. ಬ್ರಿಟಿಷ್ ಸೈನಿಕರಿಗೆ ಕೊಟ್ಟ ಪದಕಗಳಲ್ಲಿ ಹೆಸರಿರುತ್ತಿರಲಿಲ್ಲ. ಭಾರತೀಯ ಸೈನಿಕರಿಗೆ ಕೊಟ್ಟವುಗಳಲ್ಲಿ ನಂಬರ್, ದರ್ಜೆ, ಹೆಸರು, ದಳ ಎಲ್ಲವನ್ನೂ ಒತ್ತಿ ಕೊಡುತ್ತಿದ್ದರು. ನಕ್ಷತ್ರವಾದರೆ ಹಿಂಬದಿಯಲ್ಲಿ, ದುಂಡಗಿನ ವಾರ್ ಮೆಡಲ್ ಆದರೆ ಅಂಚಿನಲ್ಲಿ. ಅಕ್ಷರ ಸಣ್ಣದು. ಟಾರ್ಚನ್ನು ನೇರವಾಗಿ ಹಿಡಿದರೆ ಕಾಣುವುದಿಲ್ಲ, ಪಕ್ಕದಿಂದ ಓರೆಯಾಗಿ ಹಿಡಿದರೆ ಎದ್ದು ಕಾಣುತ್ತದೆ. ದೀಪ ತಿಕ್ಕುವಂತೆ ಹುಣಸೆಹುಳಿ ಹಾಕಿ ಮಾತ್ರ ತಿಕ್ಕಬೇಡಿ. ತಿಕ್ಕಿ ತಿಕ್ಕಿ ಅಕ್ಷರ ಸವೆದುಹೋದರೆ ಇಡೀ ದಾಖಲೆಯ ಬೀಗದ ಕೈಯೇ ಕಳೆದಂತೆ. ಒಣ ಹತ್ತಿಬಟ್ಟೆ ಸಾಕು.

ಹೀಗೆ ಸಿಕ್ಕ ನಂಬರನ್ನು ಸರ್ವಿಸ್ ನಂಬರ್ ಕಾಲಂನಲ್ಲಿ ಹಾಕಿ. ಆದರೆ ನಂಬರ್ ಒಂದನ್ನೇ ನೆಚ್ಚಬೇಡಿ. ಅಂದಿನ ಭಾರತೀಯ ಸೇನೆಯಲ್ಲಿ ಒಂದೊಂದು ರೆಜಿಮೆಂಟೂ ತನ್ನದೇ ನಂಬರ್ ಸರಣಿ ಇಟ್ಟುಕೊಂಡಿದ್ದರಿಂದ ಅದೇ ಅಂಕಿ ಬೇರೆ ದಳದ ಇನ್ನೊಬ್ಬರಿಗೂ ಇರಬಹುದು. ಪದಕದ ಮೇಲಿನ ಸಂಕ್ಷೇಪಾಕ್ಷರಗಳೂ ಗೊತ್ತಿರಬೇಕು. ಆರ್‌ಐಎಎಸ್‌ಸಿ ಅಂದರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಲಾರಿ ಮತ್ತು ರೇಷನ್ ಸಾಗಿಸುವ ದಳ. ಐಎಎಂಸಿ ವೈದ್ಯಕೀಯ ದಳ, ಐಇಎಂಇ ಯಂತ್ರ ರಿಪೇರಿ ದಳ, ಐಪಿಸಿ ರಸ್ತೆ ಮುಂತಾದ ಕೆಲಸ ಮಾಡುವ ಪಯೊನೀರ್ ದಳ. ರೆಜಿಮೆಂಟಿನ ಹೆಸರು ಮುಂದೆ ಬದಲಾಗಿದ್ದರೂ ದಾಖಲೆಯಲ್ಲಿ ಸತ್ತ ದಿನದಂದು ಇದ್ದ ಹೆಸರೇ ಇರುತ್ತದೆ. ಉದಾಹರಣೆಗೆ, ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಬರ್ಮಾದ ಅರಾಕಾನಿನಲ್ಲಿ ಮುನ್ನಡೆಸಿದ ಪಡೆ 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್. 1945ರ ಕೊನೆಯಲ್ಲಿ ಆ ರೆಜಿಮೆಂಟು ಕುಮಾವೂಂ ಆಯಿತು. ಮನೆಯಲ್ಲಿ "ಕುಮಾವೂಂ" ಎಂದು ಕೇಳಿ ಬೆಳೆದವರು ಹುಡುಕಬೇಕಾದ್ದು "ಹೈದರಾಬಾದ್".

ಪದಕವೂ ಇಲ್ಲ, ನಂಬರೂ ಇಲ್ಲ ಅನ್ನುವವರೇ ಹೆಚ್ಚು. ಅವರು ಮೊದಲು ಹೆಸರಿನಿಂದ ಶುರುಮಾಡದೆ ಊರಿನಿಂದ ಶುರುಮಾಡುವುದು ಲೇಸು. ಅಡ್ವಾನ್ಸ್ಡ್ ಹುಡುಕಾಟ ತೆರೆದು, ಎರಡನೇ ಮಹಾಯುದ್ಧ ಮತ್ತು ಭಾರತೀಯ ಸೇನೆ ಆರಿಸಿ, ಹೆಚ್ಚುವರಿ ಮಾಹಿತಿಯ ಕಾಲಂನಲ್ಲಿ "ಕೂರ್ಗ್" ಎಂದು ಇಂಗ್ಲಿಷಿನಲ್ಲಿ ಹಾಕಿ. ಆಗ ಕೊಡಗು ಮೈಸೂರಿಗೂ ಮದ್ರಾಸಿಗೂ ಸೇರದ, ಚೀಫ್ ಕಮಿಷನರ್ ಕೈಕೆಳಗಿನ ಪ್ರತ್ಯೇಕ ಪ್ರಾಂತ್ಯ. ಹಾಗಾಗಿ ವಿಳಾಸದ ಕೊನೆಗೆ "ಕೂರ್ಗ್, ಇಂಡಿಯಾ" ಎಂದೇ ಬರೆಯುತ್ತಿದ್ದರು. ಆಮೇಲೆ ಮಡಿಕೇರಿಗೆ "ಮರ್ಕೆರಾ", ಕುಶಾಲನಗರಕ್ಕೆ "ಫ್ರೇಸರ್‌ಪೇಟ್" ಹಾಕಿ ನೋಡಿ. ಪಿರಿಯಾಪಟ್ಟಣದ ಕಡೆ ನೆಲೆಸಿದ್ದ ಮನೆಯಾದರೆ "ಮೈಸೂರ್ ಸ್ಟೇಟ್". ಬಂದ ಪಟ್ಟಿಯನ್ನು ಎಕ್ಸೆಲ್ ಹಾಳೆಯಾಗಿ ಇಳಿಸಿಕೊಂಡರೆ ನಿಧಾನವಾಗಿ ಕೂತು ನೋಡಬಹುದು. ಈ ದಾರಿಗೆ ಒಂದು ಮಿತಿ ಇದೆ. ಮನೆಯವರ ವಿವರ ಎಲ್ಲರ ದಾಖಲೆಯಲ್ಲೂ ಇಲ್ಲ. ಎಷ್ಟೋ ಸಿಪಾಯಿಗಳ ಮುಂದೆ ಹೆಸರು, ನಂಬರ್, ದಿನಾಂಕ ಇಷ್ಟೇ ಇರುವುದು. ಪಟ್ಟಿಯಲ್ಲಿ ಕಾಣಲಿಲ್ಲವೆಂದರೆ ದಾಖಲೆಯೇ ಇಲ್ಲ ಎಂದು ತಿಳಿಯಬಾರದು.

ಆಗ ಹೆಸರಿಗೆ ಬರಬೇಕು. ಒಂದೇ ಹೆಸರಿನಿಂದ ಸೇರಿದವರ ಹೆಸರು ಸರ್‌ನೇಮ್ ಕಾಲಂನಲ್ಲಿರುತ್ತದೆ, ಫೋರ್‌ನೇಮ್ ಖಾಲಿ. ಮನೆಹೆಸರು ಎಷ್ಟೋ ಸಲ ಒಂದು ಇನಿಷಿಯಲ್‌ಗೆ ಕುಗ್ಗಿರುತ್ತದೆ, ಇಲ್ಲವೇ ಪೂರ್ತಿ ಬಿಟ್ಟುಹೋಗಿರುತ್ತದೆ. ಆದ್ದರಿಂದ ಸರ್‌ನೇಮ್ ಜಾಗದಲ್ಲಿ ಒಕ್ಕದ (ಕುಲದ) ಹೆಸರು ಹಾಕಿ ಕೂರಬೇಡಿ, ಮುತ್ತಣ್ಣ, ಬೆಳ್ಯಪ್ಪ ಎಂಬ ಸ್ವಂತ ಹೆಸರನ್ನೇ ಹಾಕಿ. ಕಾಗುಣಿತ ಬರೆದವನು ನೇಮಕಾತಿ ಗುಮಾಸ್ತ, ನಮ್ಮ ಉಚ್ಚಾರ ಅವನ ಕಿವಿಗೆ ಹೇಗೆ ಬಿತ್ತೋ ಹಾಗೆ. ಕಾರ್ಯಪ್ಪ, ಕುಶಾಲಪ್ಪ, ಕುಟ್ಟಪ್ಪ, ಕಾಳಪ್ಪ ಇವೆಲ್ಲ ಕೆ ಅಕ್ಷರದಿಂದಲೂ ಇರಬಹುದು, ಸಿ ಅಕ್ಷರದಿಂದಲೂ ಇರಬಹುದು. ಮುತ್ತಣ್ಣ, ಉತ್ತಪ್ಪಗಳಲ್ಲಿ ಎರಡು ಟಿ ಅಥವಾ ಟಿಎಚ್. ತಿಮ್ಮಯ್ಯ, ಸೋಮಯ್ಯ, ದೇವಯ್ಯಗಳ ಕೊನೆಗೆ ಈಗ ನಾವು ಎಐಎಎಚ್ ಬರೆಯುತ್ತೇವೆ, ಆಗ ಎವೈವೈಎ ಅಥವಾ ಎವೈಎ ಸಾಮಾನ್ಯ. ಪೂವಯ್ಯನಿಗೆ ಎರಡು ಒ ಬದಲು ಯು. ಅಯ್ಯಪ್ಪನಿಗೆ ಎ ಬಿಟ್ಟು ಐ. ಒಂದು ಹೆಸರಿಗೆ ನಾಲ್ಕೈದು ರೂಪ ಮೊದಲೇ ಕಾಗದದ ಮೇಲೆ ಬರೆದುಕೊಂಡು ಒಂದೊಂದಾಗಿ ಹಾಕಿ. ತಂದೆಯ ಹೆಸರಿಗೂ ಇದೇ ಪಾಡು: ಮಗನ ಹೆಸರಿನ ಕೊನೆ ಒಂದು ರೀತಿ, ತಂದೆಯದು ಇನ್ನೊಂದು ರೀತಿ ಇದ್ದರೆ ಬೇರೆಯವರು ಎಂದು ತಳ್ಳಿಹಾಕಬೇಡಿ.

ಹುಡುಕುವಾಗ ಕಣ್ಣು ಆಫೀಸರುಗಳ ಮೇಲೆ ಮಾತ್ರ ಇರಬಾರದು. ಕೊಡಗಿನ ಸೈನಿಕರೆಂದರೆ ಕಾರ್ಯಪ್ಪ, ತಿಮ್ಮಯ್ಯ ಎಂದು ಎರಡು ಹೆಸರಿಗೆ ನಿಂತುಬಿಡುವ ಅಭ್ಯಾಸ ನಮಗಿದೆ. ಹವಾಲ್ದಾರ್, ನಾಯಕ್, ಸಿಪಾಯಿ, ಡ್ರೈವರ್, ಸ್ಯಾಪರ್, ಅಷ್ಟೇಕೆ, ಅಡುಗೆಯವರು, ನೀರು ಹೊರುವವರು, ಕಸಗುಡಿಸುವವರು ಎಲ್ಲರೂ ಈ ದಾಖಲೆಯಲ್ಲಿದ್ದಾರೆ. ದರ್ಜೆ ಯಾವುದಾದರೂ ದಾಖಲೆಯ ಪುಟ ಒಂದೇ ಅಳತೆಯದು. ಈ ಸೇವೆಯಲ್ಲಿ ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು.

ದಾಖಲೆ ಸಿಕ್ಕಿತು ಎನ್ನಿ. ಮುಂದೆ ನೋಡಬೇಕಾದ್ದು ಎಲ್ಲಿ ಸ್ಮರಿಸಲಾಗಿದೆ ಎಂಬ ಸಾಲು. ಹಿಂದೂ ಮತ್ತು ಸಿಖ್ ಸೈನಿಕರನ್ನು ದಹನ ಮಾಡುತ್ತಿದ್ದರಿಂದ ಸಮಾಧಿಕಲ್ಲಿನ ಬದಲು ಹೆಸರು ಗೋಡೆಯಲ್ಲೋ ಕಂಬದಲ್ಲೋ ಇರುತ್ತದೆ. ಬರ್ಮಾದಲ್ಲಿ ತೀರಿಹೋಗಿ ಸಮಾಧಿ ಸಿಗದವರದು ಯಾಂಗೋನ್ ಹೊರಗಿನ ತೌಕ್ಯಾನ್‌ನಲ್ಲಿರುವ ರಂಗೂನ್ ಸ್ಮಾರಕ, ಅಲ್ಲಿ ಸುಮಾರು 27,000 ಹೆಸರುಗಳಿವೆ. ಮಲಯಾ, ಸಿಂಗಾಪುರದವರದು ಕ್ರಾಂಜಿಯ ಸಿಂಗಾಪುರ ಸ್ಮಾರಕ, 24,000ಕ್ಕೂ ಹೆಚ್ಚು. ಇಟಲಿಗೆ ಹೋದವರದು ಅಲ್ಲಿನ ಕಸಿನೋ ಊರಿನ ಸ್ಮಾರಕ. "ಫೇಸ್", "ಕಾಲಂ", "ಪ್ಯಾನೆಲ್" ಎಂದು ಮುಂದಿರುವ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಅಷ್ಟು ಸಾವಿರ ಹೆಸರಿನ ನಡುವೆ ಅದಿಲ್ಲದೆ ಸಿಗುವುದಿಲ್ಲ. "ದೆಹಲಿ/ಕರಾಚಿ 1939-1945 ಯುದ್ಧ ಸ್ಮಾರಕಗಳು" ಎಂದಿದ್ದರೆ ಗೋಡೆಯಲ್ಲಿ ಹೆಸರು ಹುಡುಕಬೇಡಿ, ಅದು ಪುಸ್ತಕದ ರೂಪದ ಪಟ್ಟಿ. ಅವಿಭಜಿತ ಭಾರತದ 25,000ಕ್ಕೂ ಹೆಚ್ಚು ಸೈನಿಕರು ಅದರಲ್ಲಿದ್ದಾರೆ.

ಹೋಗಿ ನೋಡಬಹುದಾದ ಜಾಗಗಳಲ್ಲಿ ಕೊಹಿಮಾಕ್ಕೆ ಮೊದಲ ಸ್ಥಾನ. 1944ರ ಏಪ್ರಿಲ್‌ನಿಂದ ಜೂನ್‌ವರೆಗೆ ಜಪಾನೀಯರ ವಿರುದ್ಧ ಕಾದಾಡಿದ ಗ್ಯಾರಿಸನ್ ಗುಡ್ಡದ ಮೇಲೆಯೇ ಸ್ಮಶಾನ ಇದೆ. 1,420 ಸಮಾಧಿಗಳು, ಎತ್ತರದ ಮೆಟ್ಟಿಲಲ್ಲಿ ದಹನವಾದ 917 ಹಿಂದೂ ಮತ್ತು ಸಿಖ್ ಸೈನಿಕರ ಸ್ಮಾರಕ, ಎರಡು ಕಡೆಯವರೂ ಕೈಬಾಂಬ್ ಎಸೆಯುವಷ್ಟು ಹತ್ತಿರದಿಂದ ಹೊಡೆದಾಡಿದ ಟೆನಿಸ್ ಅಂಗಳದ ಗೆರೆಗಳು. ದಿಮಾಪುರಕ್ಕೆ ವಿಮಾನದಲ್ಲಿ ಹೋಗಿ ಅಲ್ಲಿಂದ ಸುಮಾರು 70 ಕಿಲೋಮೀಟರ್ ಘಟ್ಟದ ರಸ್ತೆ. ನಾಗಾಲ್ಯಾಂಡಿಗೆ ಇನ್ನರ್ ಲೈನ್ ಪರ್ಮಿಟ್ ಬೇಕು, ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿಕೊಳ್ಳಿ. ಯಾಂಗೋನ್ ಕಡೆಗೆ ಈಗಿನ ಪರಿಸ್ಥಿತಿಯಲ್ಲಿ ಹೊರಡುವುದು ಬೇಡ. ಹೋಗಲಾಗದವರು ದಾಖಲೆಯ ಪುಟದಿಂದ ಪ್ರಮಾಣಪತ್ರವನ್ನು ಉಚಿತವಾಗಿ ಇಳಿಸಿಕೊಂಡು, ದಪ್ಪ ಕಾಗದದಲ್ಲಿ ಮುದ್ರಿಸಿ ಕೈಯಾಲೆಯ ಫೋಟೊ ಪಕ್ಕದಲ್ಲಿ ಹಾಕಬಹುದು.

ಇನ್ನು ದೂರುಗಳು. ಜಾಲತಾಣಕ್ಕೆ ಕನ್ನಡವೂ ಇಲ್ಲ, ಹಿಂದಿಯೂ ಇಲ್ಲ. ಯುದ್ಧದ ಕೊನೆಗೆ 25 ಲಕ್ಷ ಜನರ ಸೇನೆ ಕೊಟ್ಟ ದೇಶದ ಮೊಮ್ಮಕ್ಕಳಿಗೆ ಇದು ನ್ಯಾಯವಲ್ಲ. ಅದಕ್ಕಿಂತ ಹಳೆಯ ಗಾಯ ಇನ್ನೊಂದಿದೆ. ಜಾತಿ, ಧರ್ಮ, ದರ್ಜೆ ನೋಡದೆ ಎಲ್ಲರಿಗೂ ಸಮಾನ ಸ್ಮರಣೆ ಎಂಬುದು ಆಯೋಗದ ಮೂಲತತ್ವ. ಮೊದಲ ಮಹಾಯುದ್ಧದ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷರ ಹೆಸರುಗಳನ್ನು ಕೆತ್ತಿದರು, ಭಾರತೀಯ ಸಿಪಾಯಿಗಳನ್ನು ಮಾತ್ರ ದಳವಾರು ಸಂಖ್ಯೆಯಾಗಿ ಕೆತ್ತಿದರು. ಆಯೋಗವೇ ನೇಮಿಸಿದ ಸಮಿತಿ 2021ರ ವರದಿಯಲ್ಲಿ ಮೊದಲ ಯುದ್ಧದ ಕನಿಷ್ಠ 1,16,000 ಮಂದಿ, ಮುಖ್ಯವಾಗಿ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾ ಕಡೆಯವರು, ಹೆಸರಿನಿಂದ ಸ್ಮರಣೆಯಾಗಲಿಲ್ಲ ಅಥವಾ ಸ್ಮರಣೆಯೇ ಆಗಲಿಲ್ಲ ಎಂದು ಒಪ್ಪಿತು. ಆಯೋಗ ಕ್ಷಮೆ ಕೇಳಿ ಕೆಲಸ ಶುರುಮಾಡಿದೆ. ತಪ್ಪು ಒಪ್ಪಿಕೊಂಡದ್ದನ್ನು ಮೆಚ್ಚುತ್ತೇವೆ, ಆದರೆ ಅದಕ್ಕೆ ನೂರು ವರ್ಷ ಹಿಡಿಯಿತು ಎಂಬುದು ನೋಯಿಸುತ್ತದೆ.

ಹೆಸರು ತಪ್ಪಾಗಿದ್ದರೆ ತಿದ್ದಿಸಬಹುದು, ಬಿಟ್ಟುಹೋಗಿದ್ದರೆ ಸೇರಿಸಲು ಕೇಳಬಹುದು. ಜಾಲತಾಣದಲ್ಲೇ ಅರ್ಜಿ ಇದೆ. ಹಿರಿಯರು ಹೇಳಿದ ಮಾತು ಸಾಕ್ಷಿಯಾಗುವುದಿಲ್ಲ, ಕಾಗದ ಬೇಕು: ರೆಜಿಮೆಂಟಿನ ಪತ್ರ, ಪಿಂಚಣಿ ಪುಸ್ತಕ, ಸಾವಿನ ತಂತಿ. ಸೇವೆಯಲ್ಲಿದ್ದದ್ದು ಮತ್ತು ಸತ್ತ ದಿನ ಅದರಿಂದ ಗೊತ್ತಾಗಬೇಕು. ಸೇವೆ ಬಿಟ್ಟು ಮನೆಗೆ ಬಂದ ಮೇಲೆ ಸತ್ತಿದ್ದರೆ, ಆ ಕಾಯಿಲೆ ಸೇವೆಯಿಂದಲೇ ಬಂದದ್ದು ಎಂಬುದಕ್ಕೂ ದಾಖಲೆ ಕೊಡಬೇಕು. ಅರ್ಜಿ ಎಡವುವುದು ಸಾಮಾನ್ಯವಾಗಿ ಇಲ್ಲಿ. ಮೂಲ ಕಾಗದ ಕಳಿಸಬೇಡಿ, ಸ್ಕ್ಯಾನ್ ಪ್ರತಿ ಕಳಿಸಿ.

ಈ ಸೇವೆಯಲ್ಲಿ ಸಿಗದವರೂ ಇದ್ದಾರೆ. ಆಜಾದ್ ಹಿಂದ್ ಫೌಜ್ ಸೈನಿಕರಾಗಿ ಸತ್ತವರು ಆಯೋಗದ ವ್ಯಾಪ್ತಿಗೆ ಬರುವುದಿಲ್ಲ. ತಿಮ್ಮಯ್ಯನವರು ಬರ್ಮಾದಲ್ಲಿ ಜಪಾನೀಯರ ವಿರುದ್ಧ ಕಾದಿದರು, ಅವರ ಒಡಹುಟ್ಟಿದ ಪೊನ್ನಪ್ಪ ಫೌಜ್ ಸೇರಿದರು. ಒಂದೇ ಮನೆಯಲ್ಲಿ ಹೀಗಾದ ಯುದ್ಧವನ್ನು ಒಂದೇ ಪಟ್ಟಿ ಹಿಡಿಸಲಾರದು. ಊರಿನಲ್ಲೇ ಉಳಿದು ಯುದ್ಧದ ಪೆಟ್ಟು ತಿಂದವರಂತೂ ಯಾವ ಪಟ್ಟಿಯಲ್ಲೂ ಇಲ್ಲ. ಸತ್ತ ಭಾರತೀಯ ಸೈನಿಕರು ಸುಮಾರು 87,000. 1943ರ ಬಂಗಾಳದ ಬರಗಾಲದಲ್ಲಿ ಸತ್ತವರು ಸುಮಾರು 30 ಲಕ್ಷ ಎಂಬ ಅಂದಾಜಿದೆ. ಕೊಡಗಿಗೆ ತಟ್ಟಿದ್ದು ಬೇರೆ ರೀತಿ. ಯೂರೋಪಿನ ಮಾರುಕಟ್ಟೆ ಕೈತಪ್ಪಿ ಕಾಫಿ ಕೇಳುವವರಿಲ್ಲದಂತಾದಾಗ ಸರ್ಕಾರ 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಯ್ದೆ ತಂದು ಬೆಳೆಯನ್ನೆಲ್ಲ ಒಂದೇ ಪೂಲ್‌ಗೆ, ಅಂದರೆ ಸಾಮೂಹಿಕ ಸಂಗ್ರಹಕ್ಕೆ ಹಾಕಿಸಿತು. ಕಾಫಿ ಬೋರ್ಡಿನ ಆ ಪೂಲ್ ಪದ್ಧತಿ 1990ರ ದಶಕದವರೆಗೂ ನಮ್ಮ ತೋಟಗಳ ಲೆಕ್ಕಾಚಾರವನ್ನು ಆಳಿತು.

ಊರಿನಲ್ಲಿ ಯುದ್ಧ ತಟ್ಟಿದ ಈ ಕಥೆ ಬೇಕಾದವರು ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಜಾಲತಾಣಕ್ಕೆ ಹೋಗಬೇಕು. ಕೊಡಗು ನೇರ ದೆಹಲಿಯ ಅಧೀನದಲ್ಲಿದ್ದ ಕಾರಣ ಇಲ್ಲಿನ ಕಡತಗಳು ಅಲ್ಲಿ ಹುಡುಕಲು ಸಿಗುತ್ತವೆ, ಅಲ್ಲೂ "ಕೂರ್ಗ್" ಎಂದೇ ಟೈಪ್ ಮಾಡಬೇಕು. ಯುದ್ಧದಿಂದ ಬದುಕಿ ಬಂದವರ ಬಗ್ಗೆ ತಿಳಿಯಲು ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ನಂಬರ್ ಸಮೇತ ಬರೆಯಿರಿ. ಮದ್ರಾಸ್ ರೆಜಿಮೆಂಟಾದರೆ ವೆಲ್ಲಿಂಗ್ಟನ್, ಮದ್ರಾಸ್ ಸ್ಯಾಪರ್ಸ್ ಆದರೆ ಬೆಂಗಳೂರು. ಉತ್ತರ ಬರುವವರೆಗೆ ಪದಕಗಳನ್ನೇ ಓದಬಹುದು. ಆಫ್ರಿಕಾ ಸ್ಟಾರ್, ಇಟಲಿ ಸ್ಟಾರ್, ಬರ್ಮಾ ಸ್ಟಾರ್ ಯಾವುದಿದ್ದರೂ ಅವರು ಆ ರಣರಂಗದಲ್ಲಿದ್ದರು. ಸ್ಟಾರ್ ಒಂದೂ ಇಲ್ಲದೆ ಇಂಡಿಯಾ ಸರ್ವಿಸ್ ಮೆಡಲ್ ಇದ್ದರೆ, ಭಾರತದೊಳಗೇ ಮೂರು ವರ್ಷಕ್ಕೆ ಕಡಿಮೆಯಿಲ್ಲದಂತೆ ದುಡಿದವರು ಎಂದು ಅರ್ಥ.